ಮಗಳನ್ನೂ ಬಿಡದ ಶಾಲೆ

ಮಾರ್ಚ್ ೪

ಮಗಳೇ,

ಇಷ್ಟು ವರ್ಷಗಳ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತರೆಂದು ಗಾಬರಿಯಾಗಬೇಡ. ಎಲ್ಲರೂ ಇದ್ದೇವೆ. ನನ್ನ ಮಂಡಿ ಮಾತ್ರ ಮಾತು ಕೇಳುತ್ತಿಲ್ಲ. ಮೆಟ್ಟಿಲು ಕಂಡರೆ ಹಟ ಹಿಡಿಯುತ್ತದೆ, ಬೇರೆಯವರ ಮಗುವನ್ನು ಪುಸಲಾಯಿಸಿದಂತೆ ಪುಸಲಾಯಿಸಬೇಕು.

ವಿಷಯಕ್ಕೆ ಬರುತ್ತೇನೆ. ಬರುವ ಚಳಿಗಾಲಕ್ಕೆ ನಮ್ಮ ಬ್ಯಾಲೆ ಶಾಲೆಗೆ ನಲವತ್ತು ತುಂಬುತ್ತದೆ. ಶಾಲೆಯ ಚರಿತ್ರೆಯನ್ನು ಪುಸ್ತಕ ಮಾಡಬೇಕೆಂದು ಸಮಿತಿಯವರು ಪಟ್ಟು ಹಿಡಿದು, ಬರೆಯುವ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದಾರೆ. ಕುಣಿಯಲು ಬಾರದವರಿಗೆ ಕುಣಿತದ ಬಗ್ಗೆ ಓದುವುದೆಂದರೆ ಬಲು ಇಷ್ಟ.

ಫೋಟೋಗಳ ಸಮೇತ ಕರಡು ಪ್ರತಿ ಇದರ ಜೊತೆಗಿದೆ. ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಾಲಿನಲ್ಲಿ ಮೂವರು ಹುಡುಗಿಯರೊಡನೆ ಶುರುಮಾಡಿದ್ದು, ಗೋಡೆ ಬೇಸಿಗೆಯಲ್ಲೂ ಬೆವರುತ್ತಿದ್ದುದು, ಸಿಮೆಂಟು ನೆಲದ ಮೇಲೆ ಹಲಗೆ ಹಾಸಿದ್ದು, ಎಲ್ಲ ಬರೆದಿದ್ದೇನೆ. ಈಗ ಎರಡು ಮಹಡಿ, ಹಾಸ್ಟೆಲು, ನಾಲ್ಕು ದೊಡ್ಡ ಕೋಣೆ. ದೊಡ್ಡ ದೊಡ್ಡ ತಂಡಗಳಲ್ಲಿ ನಮ್ಮ ಹುಡುಗಿಯರು ಕುಣಿಯುತ್ತಿದ್ದಾರೆ. ಮೊದಲ ಪುಟದಲ್ಲಿ ಶಾಲೆಯ ಧ್ಯೇಯವನ್ನು ಹಾಕಿದ್ದೇನೆ: ‘ದೇಹ, ಶಿಸ್ತು, ಪ್ರತಿಭೆ ಮೂರೂ ಇರುವ ಮಕ್ಕಳನ್ನು ಆರಿಸಿ, ವೃತ್ತಿನರ್ತಕರನ್ನಾಗಿ ರೂಪಿಸುವುದು.’

ಮುಂದೆ ಒಂದು ಪುಟದಲ್ಲಿ ನಿನ್ನ ಪ್ರಸ್ತಾಪವಿದೆ. ಹೆಸರು ಹಾಕಿಲ್ಲ. ಸಮಿತಿಯವರಿಗೆ ಆ ಪುಟವೇ ಎಲ್ಲಕ್ಕಿಂತ ಮೆಚ್ಚುಗೆಯಾಗಿದೆ. ಸಮಾರಂಭದ ದಿನ ನೀನು ಮುಂದಿನ ಸಾಲಿನಲ್ಲಿ ಕೂತರೆ ಚೆನ್ನಾಗಿರುತ್ತದೆ ಎನ್ನುತ್ತಾರೆ. ತಪ್ಪುಗಳಿದ್ದರೆ ತಿಳಿಸು.

ಇಂತು,
ಅಮ್ಮ


ಏಪ್ರಿಲ್ ೯

ಮೇಡಂ ಅವರಿಗೆ,

ತಪ್ಪುಗಳಿದ್ದರೆ ತಿಳಿಸು ಎಂದಿದ್ದೀರಿ. ತಿಳಿಸುತ್ತೇನೆ.

‘ಅಭ್ಯಾಸದ ಕಂಬಿಗಳನ್ನು ಸ್ಥಳೀಯ ನೆರವಿನಿಂದ ಅಳವಡಿಸಲಾಯಿತು’ ಎಂದು ಬರೆದಿದ್ದೀರಿ. ಆ ಸ್ಥಳೀಯ ನೆರವು ನನ್ನ ಅಪ್ಪ. ದಿನವಿಡೀ ಊರಿನವರ ನಲ್ಲಿ ರಿಪೇರಿ ಮಾಡಿ, ಸಂಜೆ ಬಂದು, ಹಳೆ ನೀರಿನ ಪೈಪುಗಳನ್ನು ಗೋಡೆಗೆ ಕೂರಿಸಿದವರು ಅವರು. ಮಕ್ಕಳ ಅಂಗೈಗೆ ಚುಚ್ಚಬಾರದೆಂದು ಒಂದೊಂದನ್ನೂ ಉಪ್ಪುಕಾಗದದಲ್ಲಿ ಉಜ್ಜಿದರು. ಎತ್ತರ ನೋಡಲು ನನ್ನನ್ನು ನಿಲ್ಲಿಸಿ, “ಹಿಡ್ಕೋ ನೋಡೋಣ ಮಿಡತೆ, ಕೈಗೆ ಎಟುಕುತ್ತಾ?” ಎಂದು ಕೇಳುತ್ತಿದ್ದರು. ಗೇಟಿನ ಬೋರ್ಡನ್ನೂ ಅವರೇ ಬರೆದರು: ‘ಬ್ಯಾಲೆ ಕಲಿಸಲಾಗುತ್ತದೆ. ಯಾರು ಬೇಕಾದರೂ ಬರಬಹುದು.’ ನಿಮ್ಮ ಚರಿತ್ರೆಯಲ್ಲಿ ಆ ಬೋರ್ಡೂ ಇಲ್ಲ.

ಇನ್ನು ಸಮಿತಿಗೆ ಮೆಚ್ಚುಗೆಯಾದ ಪುಟ. ‘ವಾರ್ಷಿಕ ಪರೀಕ್ಷೆಯಲ್ಲಿ ಸಂಸ್ಥಾಪಕಿ ಮೊದಲು ಕೈಬಿಟ್ಟದ್ದು ತಮ್ಮ ಸ್ವಂತ ಮಗಳನ್ನು. ಅಂದಿನಿಂದ ಶಾಲೆಯ ನಿಷ್ಪಕ್ಷಪಾತದ ಬಗ್ಗೆ ಯಾರಿಗೂ ಸಂಶಯ ಉಳಿಯಲಿಲ್ಲ.’ ಚೆನ್ನಾಗಿದೆ. ಆದರೆ ಆ ಬೆಳಿಗ್ಗೆ ಹಾಲಿನಲ್ಲಿ ಹೇಗೆ ಹೇಳಿದಿರೆಂದು ಬರೆದಿಲ್ಲ. ಎಲ್ಲರೂ ಸಾಲಾಗಿ ನಿಂತಿದ್ದೆವು. ನೀವು ನನ್ನ ಹೆಸರು ಹಿಡಿದು, “ಈ ಮಗುವಿನ ಸೊಂಟ ಬ್ಯಾಲೆಗೆ ಆಗೋದಿಲ್ಲ. ನಾಳೆಯಿಂದ ಬರಬೇಕಾಗಿಲ್ಲ,” ಎಂದಿರಿ. ಹದಿಮೂರು ವರ್ಷದವಳು ನಾನು. ಎರಡನೆಯ ಹೆಸರು ಸಮಿತಿಯ ಆಗಿನ ಅಧ್ಯಕ್ಷರ ತಮ್ಮನ ಮಗಳದು. ಅವಳಿಗೆ ತಾಳವೇ ಬರುತ್ತಿರಲಿಲ್ಲ, ಅದು ಗೋಡೆಗೂ ಗೊತ್ತಿತ್ತು. ಅಧ್ಯಕ್ಷರು ಬಾಯಿ ತೆರೆಯುವಂತಿರಲಿಲ್ಲ, ಮಗಳನ್ನೇ ಬಿಡದವಳು ಇನ್ನಾರನ್ನು ಬಿಟ್ಟಾಳು! ಆ ವಾರ ಪತ್ರಿಕೆಯಲ್ಲಿ ಬಂತು. ಮುಂದಿನ ವರ್ಷ ಗೇಟಿನ ಹೊರಗೆ ಸಾಲು ನಿಂತಿತು.

ನನ್ನ ಸೊಂಟ ನಿಜಕ್ಕೂ ಆಗುವಂಥದ್ದಲ್ಲವೋ, ಅಥವಾ ಅವಳನ್ನು ಕಳಿಸಲು ನನ್ನನ್ನು ಮೊದಲು ಕಳಿಸಬೇಕಿತ್ತೋ? ಅಪ್ಪ ಸಾಯುವವರೆಗೂ ಇದಕ್ಕೆ ಉತ್ತರ ಹೇಳಲಿಲ್ಲ. “ನಿಮ್ಮಮ್ಮನ್ನೇ ಕೇಳು” ಎನ್ನುತ್ತಿದ್ದರು.

ನಾನೀಗ ಈಜುಕೊಳದಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ದಪ್ಪಗಿರುವವರು, ಕಾಲು ಸೊಟ್ಟಗಿರುವವರು, ಭಯಬೀಳುವವರು, ಎಲ್ಲರೂ ಬರುತ್ತಾರೆ. ನೀರು ಯಾರ ಸೊಂಟವನ್ನೂ ಅಳೆಯುವುದಿಲ್ಲ.

ಮುಂದಿನ ಸಾಲಿಗೆ ಬೇರೆ ಯಾರನ್ನಾದರೂ ಕೂರಿಸಿ.

ನಿಮ್ಮ ಹಳೆಯ ವಿದ್ಯಾರ್ಥಿನಿ


ಏಪ್ರಿಲ್ ೨೭

ಮಗಳೇ,

ನನಗೆ ‘ನೀವು’ ಎಂದು ಬರೆದಿದ್ದೀಯ. ಶಾಲೆಯಲ್ಲಿ ಎಲ್ಲರಂತೆ ಮೇಡಂ ಅನ್ನು, ಮನೆಗೆ ಬಂದ ಮೇಲೆ ಅಮ್ಮ ಅನ್ನು ಎಂದು ನಾನೇ ಕಲಿಸಿದ್ದೆ. ನೀನು ಮನೆಗೆ ಬಂದದ್ದನ್ನು ಮರೆತಂತಿದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನೀನು ನನಗೂ ಮುದ್ದಾಗಿಯೇ ಇದ್ದೆ. ಆದರೆ ಆ ಸೊಂಟಕ್ಕೆ ಎಣ್ಣೆ ತಿಕ್ಕಿ ನೀರು ಹಾಕಿದವಳು ನಾನು. ಅದು ಎಲ್ಲಿ ನಿಲ್ಲುತ್ತದೆಂದು ನಿನಗಿಂತ ಮೊದಲು ನನಗೆ ತಿಳಿದಿತ್ತು. ಕಾಲು ಸೊಂಟದ ಬುಡದಿಂದ ಹೊರಕ್ಕೆ ತಿರುಗಬೇಕು. ತಿರುಗದಿದ್ದರೆ ಮಕ್ಕಳು ಮಂಡಿಯನ್ನು ತಿರುಚಿ ಮೋಸ ಮಾಡುತ್ತಾರೆ. ನಾನು ಹಾಗೆ ಮೋಸ ಮಾಡಿಯೇ ಕುಣಿದವಳು. ಅದರ ಫಲ ಇವತ್ತು ಮೆಟ್ಟಿಲ ಮೇಲೆ ಅನುಭವಿಸುತ್ತಿದ್ದೇನೆ. ಹದಿಮೂರಕ್ಕೆ ‘ಆಗೋದಿಲ್ಲ’ ಎಂದು ಕೇಳಿದವಳು ಒಂದು ವರ್ಷ ಅಳುತ್ತಾಳೆ. ಇಪ್ಪತ್ತಮೂರಕ್ಕೆ ಕೇಳಿದವಳಿಗೆ ಬೇರೆ ಏನೂ ಗೊತ್ತಿರುವುದಿಲ್ಲ, ಅಳುವುದಕ್ಕೂ ಬರುವುದಿಲ್ಲ.

‘ಯಾರು ಬೇಕಾದರೂ ಬರಬಹುದು’ ಎಂಬ ಬೋರ್ಡು ನಿನ್ನಪ್ಪನ ಒಳ್ಳೆಯ ಮನಸ್ಸು. ಅದನ್ನು ನಾನೇ ಇಳಿಸಿದೆ. ಬಂದವರಲ್ಲಿ ಒಬ್ಬಳೂ ರಂಗದ ಮೇಲೆ ನಿಲ್ಲದಿದ್ದರೆ ಅದನ್ನು ಶಾಲೆ ಎನ್ನುತ್ತಾರೆಯೇ? ಮಕ್ಕಳನ್ನು ಸಂಜೆಯವರೆಗೆ ಸುಮ್ಮನಿರಿಸುವ ಜಾಗ ಎನ್ನುತ್ತಾರೆ.

ನೀನು ಕೇಳಿದ ಪ್ರಶ್ನೆಗೆ ಆ ದಿನವೇ ಎಲ್ಲರೆದುರು ಉತ್ತರ ಹೇಳಿದ್ದೇನೆ. ಎರಡನೆಯ ಸಲ ಹೇಳುವುದಿಲ್ಲ.

ಕಂಬಿಯ ವಿಷಯ ಸಮಿತಿಗೆ ತಿಳಿಸುತ್ತೇನೆ.

ಅಮ್ಮ


ಜೂನ್ ೧೫

ಅಜ್ಜಿಗೆ ನಮಸ್ಕಾರ.

ನಾನು ನಿಮ್ಮ ಮೊಮ್ಮಗಳು. ಮನೆಯಲ್ಲಿ ನನ್ನನ್ನು ಬುಗುರಿ ಅಂತಾರೆ, ಸುಮ್ಮನೆ ತಿರುಗ್ತಾ ಇರ್ತೀನಲ್ಲ ಅದಕ್ಕೆ. ನೀವು ನನ್ನನ್ನು ನೋಡಿದಾಗ ನಾನು ತೊಟ್ಟಿಲಲ್ಲಿದ್ದೆನಂತೆ. ಈಗ ನನಗೆ ಹತ್ತು ವರ್ಷ.

ನೀವು ಕಳಿಸಿದ ಪುಸ್ತಕ ಅಮ್ಮನ ಬೀರುವಿನಲ್ಲಿತ್ತು. ಪೂರ್ತಿ ಓದಿದೆ. ಫೋಟೋಗಳನ್ನು ಮತ್ತೆ ಮತ್ತೆ ನೋಡಿದೆ. ಅವರು ನಿಂತ ಹಾಗೆ ಕೊಳದ ಕಟ್ಟೆ ಹಿಡಿದು ನಿಲ್ಲೋದನ್ನು ಕಲಿತಿದ್ದೇನೆ. ಒಂದು ಕಾಲಲ್ಲಿ ನಿಂತು, ಇನ್ನೊಂದನ್ನು ಕಿವಿಯ ಹತ್ತಿರ ತರಬಲ್ಲೆ. ಇದು ಸರೀನಾ? ಚಿತ್ರ ಬರೆದಿದ್ದೇನೆ, ನೋಡಿ.

ಅಮ್ಮನಿಗೆ ಹೇಳಬೇಡಿ.

ಇತಿ,
ಬುಗುರಿ


ಜೂನ್ ೨೨

ಮಗಳೇ,

ಜೊತೆಗಿರುವ ಕಾಗದ ನಿನ್ನ ಮಗಳು ನನಗೆ ಬರೆದದ್ದು. ಅಮ್ಮನಿಗೆ ಹೇಳಬೇಡಿ ಎಂದಿದ್ದಾಳೆ. ತಾಯಿಗೆ ತಿಳಿಯದಂತೆ ಮಕ್ಕಳೊಡನೆ ವ್ಯವಹಾರ ಮಾಡುವವಳಲ್ಲ ನಾನು. ಉತ್ತರ ಬರೆದಿಲ್ಲ.

ಚಿತ್ರದಲ್ಲಿ ಕಾಲು ಹೊರಕ್ಕೆ ತಿರುಗಿದೆ. ಅದು ಚಿತ್ರ ಬರೆದವಳ ಕೈಚಳಕವೋ ಏನೋ, ಗೊತ್ತಿಲ್ಲ.

ಅಮ್ಮ


ಆಗಸ್ಟ್ ೧೯

ಅಮ್ಮ,

ಈ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೆಂದು ಹೇಳಿದರೆ ನಿನಗೆ ಖುಷಿಯಾದೀತು. ಹಾಗಾಗಿ ಹೇಳುವುದಿಲ್ಲ.

ಅವಳ ಕಾಗದ ನೋಡಿದ ದಿನ ಪುಸ್ತಕವನ್ನು ತೆಗೆದು ಅಟ್ಟದ ಮೇಲೆ ಹಾಕಿದೆ. ಕೊಳಕ್ಕೆ ಬರಬೇಡ ಎಂದೆ. ಅವಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು. ಅಲ್ಲಿಂದ ಓಡಿಸಿದೆ, ಮಂಚದ ಕಂಬ ಹಿಡಿದಳು. ಒಂದು ದಿನ ರೇಗಿ, “ಅದು ನಮ್ಮಂಥವರಿಗಲ್ಲ ಕಣೇ, ಸಾಕು ಮಾಡು!” ಎಂದು ಕೈ ಹಿಡಿದೆಳೆದೆ. ಅವಳು ಅಳಲಿಲ್ಲ. ನನ್ನ ಮುಖ ನೋಡಿ ಕೇಳಿದಳು, “ನಿನ್ನಮ್ಮ ನಿಂಗೆ ಬೇಡ ಅಂದ್ರು. ಈಗ ನೀನು ನಂಗೆ ಬೇಡ ಅಂತೀಯಾ?”

ಪುಸ್ತಕದ ಆ ಪುಟವನ್ನು ಓದಿ ಎಲ್ಲ ಅರ್ಥಮಾಡಿಕೊಂಡಿದ್ದಾಳೆ. ನಾನು ಅವಳ ಕೈ ಬಿಟ್ಟೆ. ಅವಳು ಮತ್ತೆ ಮಂಚದ ಕಂಬ ಹಿಡಿದಳು, ಬಿಟ್ಟಲ್ಲಿಂದಲೇ ಶುರುಮಾಡಿದಳು. ಅವಳಪ್ಪ ಬಾಗಿಲಲ್ಲಿ ನಿಂತು, “ನಮ್ಮಿಬ್ಬರ ಕೈಲೂ ಇದನ್ನ ನಿಲ್ಸೋಕಾಗಲ್ಲ, ಬಿಡು” ಎಂದರು.

ಅಮ್ಮ, ನನಗೆ ಕಣ್ಣಿದೆ. ನಾನು ಆ ಹಾಲಿನಲ್ಲೇ ಬೆಳೆದವಳು. ನನ್ನಲ್ಲಿ ಯಾವುದು ಇರಲಿಲ್ಲವೋ ಅದು ಇವಳಲ್ಲಿದೆ. ಅಥವಾ ನನ್ನಲ್ಲೂ ಇದ್ದು, ನೀನು ಇಲ್ಲವೆಂದಿರಬಹುದು. ಅದನ್ನು ಇವತ್ತು ಕೇಳುತ್ತಿಲ್ಲ. ಸೆಪ್ಟೆಂಬರಿನ ಪ್ರವೇಶ ಪರೀಕ್ಷೆಗೆ ಇವಳನ್ನು ಕರೆತರುತ್ತೇನೆ. ಅಜ್ಜಿಯಾಗಿ ನೋಡು ಎಂದು ಕೇಳುವುದಿಲ್ಲ. ಬೇರೆ ಮಕ್ಕಳನ್ನು ಹೇಗೆ ನೋಡುತ್ತೀಯೋ ಹಾಗೆ ನೋಡು. ಚೆನ್ನಾಗಿದ್ದರೆ ತೆಗೆದುಕೊ, ಇಲ್ಲದಿದ್ದರೆ ಕಳಿಸು. ಒಂದೇ ಒಂದು ಬೇಡಿಕೆ: ಕಳಿಸುವುದಾದರೆ ಎಲ್ಲರೆದುರು ಹೇಳಬೇಡ.

ನಿನ್ನಿಂದ ಈವರೆಗೆ ಏನನ್ನೂ ಕೇಳಿರಲಿಲ್ಲ. ಕೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ನಿನ್ನ ಮಗಳು


ಸೆಪ್ಟೆಂಬರ್ ೧೨

ಮಗಳೇ,

ಪರೀಕ್ಷೆ ಮುಗಿದ ಮೇಲೆ ನೀನು ಅಂಗಳದಲ್ಲಿ ಅವಳ ಶೂ ಬಿಚ್ಚುತ್ತ ಕೂತಿದ್ದೆ. ಮಹಡಿಯ ಕಿಟಕಿಯಿಂದ ನೋಡಿದೆ. ತಲೆ ನೆರೆತಿದೆ ನಿನಗೆ.

ಫಲಿತಾಂಶ ನಾಡಿದ್ದು ಹೊರಬೀಳುತ್ತದೆ. ಎಲ್ಲರೆದುರು ಹೇಳಬೇಡ ಎಂದು ಕೇಳಿದ್ದಕ್ಕೆ ಮೊದಲೇ ಬರೆಯುತ್ತಿದ್ದೇನೆ.

ಸೊಂಟ ಸರಿಯಾಗಿದೆ. ಪಾದದ ಕಮಾನು, ಬೆನ್ನು, ಕತ್ತು, ಕಿವಿ, ಎಲ್ಲ ಸರಿಯಾಗಿವೆ. ಇಷ್ಟು ವರ್ಷಗಳಲ್ಲಿ ಇಂಥ ಮಗುವನ್ನು ನಾನು ಬೆರಳೆಣಿಕೆಯಷ್ಟು ಸಲ ನೋಡಿರಬಹುದು. ಪಿಯಾನೋದವನು ನುಡಿಸುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ. ಬೈದೆ. ಉಳಿದ ಪರೀಕ್ಷಕರೆಲ್ಲ ಹೂಂ ಎಂದರು.

ನಾನು ಬೇಡವೆಂದೆ. ನನ್ನ ಮಾತು ದಾಟಿ ಇಲ್ಲಿ ಯಾರೂ ಪ್ರವೇಶ ಕೊಟ್ಟಿಲ್ಲ, ಆದ್ದರಿಂದ ಅವಳಿಗೆ ಸಿಗುವುದಿಲ್ಲ.

ಏಕೆ ಎಂದು ಕೇಳುತ್ತೀಯ. ಸಂಸ್ಥಾಪಕಿ ತನ್ನವರಿಗೆಂದು ಬಾಗಿಲು ತೆಗೆಯಲಿಲ್ಲ ಎಂಬ ಒಂದು ಮಾತಿನ ಮೇಲೆ ಈ ಶಾಲೆ ನಿಂತಿದೆ. ಈಗ ಮೊಮ್ಮಗಳಿಗೆ ತೆಗೆದರೆ, ಎಷ್ಟೇ ಅರ್ಹಳಾದರೂ, ಹೊರಗೆ ನಿಂತವರು ನಗುತ್ತಾರೆ. ಸಮಿತಿಗೆ ಕೊಟ್ಟ ಕಾರಣ ಇದು.

ನಿನಗೆ ಬೇರೆ ಮಾತು ಹೇಳುತ್ತೇನೆ. ನಾವು ಕಳಿಸಿದ ಮಕ್ಕಳು ಮನೆಗೆ ಹೋಗುತ್ತಾರೆ, ಬೈಯುತ್ತಾರೆ, ಮದುವೆಯಾಗುತ್ತಾರೆ, ಈಜು ಕಲಿಸುತ್ತಾರೆ. ಉಳಿಸಿಕೊಂಡವರ ತಾಯಂದಿರನ್ನು ನಾನು ಗೇಟಿನಲ್ಲಿ ನೋಡಿದ್ದೇನೆ. ಮೊದಮೊದಲು ಬುತ್ತಿ ಹಿಡಿದು ಬರುತ್ತಾರೆ. ಆಮೇಲೆ ಬರಿಗೈಲಿ. ಆಮೇಲೆ ಬರುವುದಿಲ್ಲ.

ಮಗುವಿಗೆ ನನ್ನ ಹೆಸರು ಹೇಳು. ನನ್ನನ್ನು ಬೈಯಲಿ. ನಿನ್ನನ್ನು ಬೈಯುವುದು ಬೇಡ.

ಅಮ್ಮ


ಸೆಪ್ಟೆಂಬರ್ ೧೯

ಪ್ರಿಯ ಮಿಡತೆ,

ನನ್ನ ನೆನಪಿದೆಯಾ? ಕಂಬಿಯಲ್ಲಿ ನಿನ್ನ ಹಿಂದೆ ನಿಲ್ಲುತ್ತಿದ್ದ ಉದ್ದನೆಯ ಹುಡುಗಿ, ನೀವೆಲ್ಲ ಕೊಕ್ಕರೆ ಎಂದು ಕರೆಯುತ್ತಿದ್ದವಳು. ಈಗ ಇಲ್ಲಿ ಉಪ ಮುಖ್ಯಸ್ಥೆಯಾಗಿದ್ದೇನೆ. ಮೊನ್ನೆ ಪರೀಕ್ಷಕರ ಸಾಲಿನಲ್ಲಿದ್ದೆ, ನಿನ್ನೊಡನೆ ಮಾತಾಡುವಂತಿರಲಿಲ್ಲ.

ಸಿಹಿ ಸುದ್ದಿ. ಸಮಿತಿ ನಿನ್ನೆ ಸೇರಿ ನಿನ್ನ ಮಗಳಿಗೆ ಪ್ರವೇಶ ಕೊಡಲು ತೀರ್ಮಾನಿಸಿದೆ. ಮೇಡಂ ಎದ್ದುಹೋದರು. ಬಾಗಿಲಲ್ಲಿ ನಿಂತು, “ನೀವು ಆ ಮಗೂನ ನೋಡಿ ತಗೋತಿಲ್ಲ, ನನ್ನ ವಂಶ ನೋಡಿ ತಗೋತಿದ್ದೀರಿ” ಎಂದರು. ಅಧ್ಯಕ್ಷರು ನಕ್ಕು ಮುಂದಿನ ವಿಷಯ ಎತ್ತಿಕೊಂಡರು. ಸುಳ್ಳೇಕೆ, ಅದೂ ಇದೆ. ಸಮಾರಂಭದಲ್ಲಿ ಮೂರು ತಲೆಮಾರು ಒಟ್ಟಿಗೆ ನಿಂತ ಫೋಟೋ ಬಂದರೆ ಶಾಲೆಗೆ ದೊಡ್ಡ ಹೆಸರಲ್ಲವೇ?

ನೀನು ಕೇಳಿದ್ದೆಯಂತೆ, ನಿನ್ನಪ್ಪನ ಕಂಬಿಗಳ ವಿಷಯ. ಪುಸ್ತಕ ಆಗಲೇ ಅಚ್ಚಿಗೆ ಹೋಗಿದೆ. ಬೇಜಾರು ಮಾಡಿಕೊಳ್ಳಬೇಡ.

ಅಕ್ಟೋಬರ್ ಮೊದಲ ದಿನ ಹಾಸ್ಟೆಲಿಗೆ ಕರೆದುಕೊಂಡು ಬಾ.

ನಿನ್ನ,
ಕೊಕ್ಕರೆ


ಅಕ್ಟೋಬರ್ ೩

ಮೇಡಂ ಅವರಿಗೆ,

ಮಗಳನ್ನು ಬಿಟ್ಟು ಬಂದಿದ್ದೇನೆ. ನೀವು ಕಾಣಲಿಲ್ಲ.

ಎರಡು ವಾರ ಯೋಚಿಸಿದೆ. ನೀವು ಬೇಡವೆಂದದ್ದಕ್ಕೆ ಕಳಿಸಬೇಕೆಂಬ ಛಲ ಒಂದು ಕಡೆ. ಸಮಿತಿ ಫೋಟೋಕ್ಕಾಗಿ ಬೇಕೆಂದದ್ದಕ್ಕೆ ಕಳಿಸಬಾರದೆಂಬ ಅಸಹ್ಯ ಇನ್ನೊಂದು ಕಡೆ. ಇವೆರಡರಲ್ಲೂ ಮಗು ಇರಲಿಲ್ಲ. ಕೊನೆಗೆ ಅವಳನ್ನೇ ಕೇಳಿದೆ. ಅವಳ ಪೆಟ್ಟಿಗೆ ಆಗಲೇ ತುಂಬಿತ್ತು.

ನೀವು ಹೇಳಿದ್ದು ಕರುಣೆಯೋ, ಹೆಸರಿನ ಮೋಹವೋ ನನಗೆ ತಿಳಿಯಲಿಲ್ಲ. ಹದಿಮೂರನೆಯ ವಯಸ್ಸಿನಲ್ಲೂ ತಿಳಿಯಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದು ನಿಮ್ಮ ಅಭ್ಯಾಸ. ಯಾವ ಕಡೆ ಬೆಳಕು, ಯಾವ ಕಡೆ ಕತ್ತಲು ಎಂದು ಹುಡುಕಿ ನನ್ನ ಅರ್ಧ ಆಯಸ್ಸು ಕಳೆಯಿತು. ಇನ್ನು ಹುಡುಕುವುದಿಲ್ಲ.

ಗೇಟಿನಲ್ಲಿ ಅವಳು ನನ್ನ ಕೈ ಬಿಡಿಸಿಕೊಂಡು ಓಡಿದಳು. ತಿರುಗಿ ನೋಡುತ್ತಾಳೆಂದು ಸ್ವಲ್ಪ ಹೊತ್ತು ನಿಂತಿದ್ದೆ.

ಫೋಟೋಕ್ಕೆ ನಾನು ಬರುವುದಿಲ್ಲ. ಭಾನುವಾರಗಳಂದು ಅವಳನ್ನು ನೋಡಲು ಬರುತ್ತೇನೆ. ಆಗ ನೀವು ಎದುರಾದರೆ ನಮಸ್ಕಾರ ಹೇಳುತ್ತೇನೆ, ಬೇರೆ ತಾಯಂದಿರು ಹೇಳುವಂತೆ.

ಒಬ್ಬ ವಿದ್ಯಾರ್ಥಿನಿಯ ತಾಯಿ


ಜನವರಿ ೨೬

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಅಪ್ಪ ಚೆನ್ನಾಗಿದ್ದಾರಾ?

ಹೆಬ್ಬೆರಳಿನ ಗುಳ್ಳೆ ಒಡೆದು ರಕ್ತ ಬಂತು. ಈಗ ಗಟ್ಟಿಯಾಗಿದೆ, ನೋವಾಗೋದಿಲ್ಲ. ನೀನು ಕೊಟ್ಟ ಮುಲಾಮನ್ನು ಹಚ್ಚೋಲ್ಲ, ಚರ್ಮ ಮೆತ್ತಗಾಗುತ್ತೆ ಅಂತ ದೊಡ್ಡ ಹುಡುಗಿಯರು ಹೇಳಿದರು. ನನ್ನ ಪಕ್ಕದ ಮಂಚದವಳನ್ನು ಮನೆಗೆ ಕಳಿಸಿದರು. ಮೂರು ದಿನ ಅತ್ತಳು. ಅವಳ ಮಂಚ ಕಿಟಕಿ ಹತ್ತಿರ ಇತ್ತು. ಈಗ ಅದು ನನಗೆ ಸಿಕ್ಕಿದೆ.

ಸಮಾರಂಭದ ದಿನ ಮೇಡಂ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಅವರು ನನ್ನ ಕಡೆ ನೋಡೋದಿಲ್ಲ, ತರಗತಿಯಲ್ಲಿ ತಿದ್ದೋದೂ ಕಡಿಮೆ. ಅದಕ್ಕೆ ನಾನೇ ಬೇರೆಯವರಿಗೆ ಹೇಳೋ ತಿದ್ದುಗಳನ್ನೆಲ್ಲ ಕೇಳಿಸಿಕೊಂಡು ಮಾಡ್ತೀನಿ. ಹೋದ ವಾರ ಒಂದೇ ಒಂದು ಸಲ ನನ್ನ ಮೊಣಕೈಯನ್ನು ಎರಡು ಬೆರಳಲ್ಲಿ ಎತ್ತಿದರು. ಆಮೇಲೆ ಮುಂದಿನವಳ ಹತ್ತಿರ ಹೋದರು. ಅವತ್ತು ನನಗೆ ಊಟ ಬೇಕನ್ನಿಸಲಿಲ್ಲ, ಅಷ್ಟು ಖುಷಿ.

ಪುಸ್ತಕದಲ್ಲಿ ಮೇಡಂ ಕೈಬಿಟ್ಟ ಆ ಮಗಳು ನಿನ್ನಮ್ಮನಾ ಅಂತ ಹುಡುಗಿಯರು ಕೇಳಿದರು. ನನಗೆ ಗೊತ್ತಿಲ್ಲ ಅಂದೆ. ಸಿಟ್ಟು ಮಾಡ್ಕೋಬೇಡ. ಹೇಳಿದರೆ ನನ್ನ ಸೊಂಟವನ್ನೂ ಹಾಗೇ ನೋಡ್ತಾರೆ.

ಹೋದ ಭಾನುವಾರ ನೀನು ಬೇಗ ಬಂದೆ. ಅಭ್ಯಾಸದ ಕೋಣೆಯ ಕಿಟಕಿ ಹೊರಗೆ ನಿಂತು ನೀನು ಕೈ ಬೀಸಿದೆ. ನಾನು ತಿರುಗ್ತಾ ಇದ್ದೆ, ನಿನ್ನನ್ನು ನೋಡಿ ಕಣ್ಣು ತಪ್ಪಿತು, ಬಿದ್ದೆ. ಎಲ್ಲರೂ ನೋಡಿದರು. ತಿರುಗುವಾಗ ಒಂದೇ ಕಡೆ ನೋಡಬೇಕು ಅಮ್ಮ, ಬೇರೆ ಕಡೆ ನೋಡಿದರೆ ಆಗೋದಿಲ್ಲ.

ಅದಕ್ಕೆ ಬರುವ ಭಾನುವಾರ ಬರಬೇಡ. ಅದರ ಮುಂದಿನದೂ ಬೇಡ. ರಜೆಯಲ್ಲಿ ಕೆಲವರು ಇಲ್ಲೇ ಉಳಿದು ಅಭ್ಯಾಸ ಮಾಡ್ತಾರಂತೆ. ನಾನೂ ಉಳೀತೀನಿ ಅಂತ ಹೇಳಿದ್ದೇನೆ.

ಹೀಗೆ ಬರಿ ಅಂತ ಮೇಡಂ ಹೇಳಿಕೊಡಲಿಲ್ಲ. ಯಾರೂ ಹೇಳಿಕೊಡಲಿಲ್ಲ. ನಾನೇ ಬರೆದೆ.

ಇತಿ,
ಬುಗುರಿ